ನಕಾಶೆಯ ಹಿಂದಿನ ಹಲ್ಲಿ

ಹೋದ ತಿಂಗಳು ಸಿಂಧನೂರಿನ ಒಂದು ಶಾಲೆಯವರು ಮಕ್ಕಳಿಗೆ ಬಹುಮಾನ ಹಂಚಲು ನನ್ನನ್ನು ಕರೆದಿದ್ದರು. ಆಗುವುದಿಲ್ಲ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳಲು ನಾಚಿಕೆಯಾಗಿ ಹೋದೆ. ಹೆಡ್ ಮಾಸ್ತರರ ಕೋಣೆಯಲ್ಲಿ ಕುಳಿತಿದ್ದಾಗ ಹಿಂದಿನ ಅಡುಗೆ ಕೋಣೆಯಿಂದ ತೊಗರಿಬೇಳೆ ಬೇಯುವ ವಾಸನೆ ಬಂತು. ಅರಿಶಿನ ಬಿದ್ದ, ಇನ್ನೂ ಒಗ್ಗರಣೆ ಬೀಳದ ಬೇಳೆ. ದೊಡ್ಡ ಪಾತ್ರೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸುವಾಗ ಬರುವ ವಾಸನೆ ಅದು. ಮನೆಯ ಕುಕ್ಕರಿನಲ್ಲಿ ಬರುವುದಿಲ್ಲ. ಮುಂದೆ ಇಟ್ಟ ಚಹಾ ಆರಿತು. ನಾನು ಬಹುಮಾನ ಹಂಚಿದೆ, ಮನೆಗೆ ಬಂದೆ.

ಆ ವಾಸನೆ ನನಗೆ ಒಂದು ವರ್ಷದ ವಾಸನೆ. ಆ ವರ್ಷದ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿರುವಾಗಲೂ ಜನರ ಹೆಸರು ಬದಲಿಸಿದ್ದೇನೆ, ಆ ಹಳ್ಳಿಯ ಹೆಸರು ಬಿಟ್ಟಿದ್ದೇನೆ. ಹಲ್ಲಿಯನ್ನು ಮಾತ್ರ ಬದಲಿಸಲು ಆಗಲಿಲ್ಲ.

ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಮಕ್ಕಳಿಗಾಗಿ ನಾಲ್ಕು ತೆಳ್ಳನೆಯ ಕಥೆಪುಸ್ತಕ ಬರೆದಿದ್ದೇನೆ. ನಿವೃತ್ತಿಯಾದ ಮುಂದಿನ ಜೂನ್‌ನಲ್ಲಿ ದೂರದ ಊರಿನ ಸಂಸ್ಥೆಯೊಂದರ ಹುಡುಗರು ಮನೆಗೆ ಬಂದರು. ಮೂರು ಶಾಲೆಗಳಿಗೆ ವಾರಕ್ಕೊಂದೊಂದು ದಿನ ಹೋಗಿ ಮಕ್ಕಳಿಂದ ಕಥೆ ಬರೆಸಬೇಕು, ವರ್ಷದ ಕೊನೆಗೆ ಆ ಕಥೆಗಳದ್ದೊಂದು ಪುಸ್ತಕ ಬರಬೇಕು, ಲಿಂಗಸುಗೂರಿನಲ್ಲಿ ಅದರ ಬಿಡುಗಡೆಯಾಗಬೇಕು ಎಂದರು. ನಾನು ಒಪ್ಪಿಕೊಂಡೆ. ಖುಷಿಯಿಂದಲೇ ಒಪ್ಪಿಕೊಂಡೆ. ಸೋಮವಾರ ದಢೇಸುಗೂರಿನ ಕಡೆಯ ಒಂದು ಶಾಲೆ, ಬುಧವಾರ ಮಸ್ಕಿಗೆ ಹೋಗಿ ಅಲ್ಲಿಂದ ಶೇರ್ ಆಟೋದಲ್ಲಿ ಸಂತೆಕಲ್ಲೂರಿನ ದಾರಿಯ ಒಂದು ಹಳ್ಳಿ, ಶುಕ್ರವಾರ ಲಿಂಗಸುಗೂರು.

ರೋಗದ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ತೆರೆದು ಬಹಳ ದಿನವಾಗಿರಲಿಲ್ಲ. ಏಳನೆಯ ತರಗತಿಯ ಮಕ್ಕಳಿಗೂ ಒತ್ತಕ್ಷರ ಬರುತ್ತಿರಲಿಲ್ಲ. 'ನಿನ್ನೆ ಏನು ನೋಡಿದಿರಿ, ಬರೆಯಿರಿ' ಎಂದರೆ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ ಸೋಮವಾರದ ಶಾಲೆ ಅರ್ಧ ಖಾಲಿಯಾಯಿತು. ದೊಡ್ಡ ಹುಡುಗಿಯರೆಲ್ಲ ಕೆಸರಿನಲ್ಲಿದ್ದರು. ಉಳಿದವರಲ್ಲಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಮಕ್ಕಳು ನನ್ನ ಮಾತನ್ನು ತಮ್ಮತಮ್ಮಲ್ಲೇ ತೆಲುಗಿಗೆ ತಿರುಗಿಸಿಕೊಂಡು ನಗುತ್ತಿದ್ದರು. ಲಿಂಗಸುಗೂರಿನ ಮಕ್ಕಳು ಬರೆಯುತ್ತಿದ್ದರು, ಪುಟಗಟ್ಟಲೆ ಬರೆಯುತ್ತಿದ್ದರು. ಎಲ್ಲವೂ ಗೈಡಿನಿಂದ ಇಳಿಸಿಕೊಂಡ ಪ್ರಬಂಧ. ಅಕ್ಟೋಬರಿನ ಹೊತ್ತಿಗೆ ನನ್ನ ಚೀಲದಲ್ಲಿ ಪುಸ್ತಕಕ್ಕೆ ಹಾಕಬಹುದಾದ ಹಾಳೆಗಳು ಆರೋ ಏಳೋ ಇದ್ದವು. ಸಂಸ್ಥೆಯ ಹುಡುಗರು ಫೋನು ಮಾಡಿದಾಗಲೆಲ್ಲ 'ಬರ್ತಿವೆ, ಬರ್ತಿವೆ' ಎನ್ನುತ್ತಿದ್ದೆ.

ಬಂದದ್ದು ಬುಧವಾರದ ಶಾಲೆಯಿಂದ.

ಅದು ಎರೆಭೂಮಿಯ ನಡುವಿನ ಸಣ್ಣ ಶಾಲೆ. ನಾಲ್ಕು ಕೋಣೆ, ಒಂದು ಅಡುಗೆ ಕೋಣೆ. ಏಳನೆಯ ತರಗತಿಯ ಕಿಟಕಿಗೂ ಅಡುಗೆ ಕೋಣೆಯ ಬಾಗಿಲಿಗೂ ನಡುವೆ ಮೂರು ಹೆಜ್ಜೆ ಜಾಗ. ನಾನು ಪಾಠ ಮಾಡುವಾಗ ಹೊರಗೆ ಸೌಟು ತಾಗುವ ಸದ್ದು ಕೇಳುತ್ತಿತ್ತು. ಕಥೆ ಹೇಳಲು ಶುರು ಮಾಡಿದರೆ ಆ ಸದ್ದು ನಿಲ್ಲುತ್ತಿತ್ತು. ಅದನ್ನು ನಾನು ಗಮನಿಸಿದ್ದೆ, ಆದರೆ ಅದರ ಅರ್ಥವೇನೆಂದು ಯೋಚಿಸಲಿಲ್ಲ. ಬಿಸಿಯೂಟದ ಅಡುಗೆಯಾಕೆ ಅಮರಮ್ಮ, ಮೂವತ್ತೈದರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದಳು. ಅವಳ ಮಗಳು ಭಾಗ್ಯ ಅದೇ ಏಳನೆಯ ತರಗತಿಯಲ್ಲಿ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದಳು. ಮಾತು ಕಡಿಮೆ, ಕೇಳಿದರೆ ಉತ್ತರ ಕೊಡುವಳು, ಇಲ್ಲವಾದರೆ ಇಲ್ಲ.

ಭಾಗ್ಯ ಒಂದು ಬುಧವಾರ ಎರಡು ಹಾಳೆ ತಂದುಕೊಟ್ಟಳು. ಅದರಲ್ಲಿ ಹೀಗಿತ್ತು:

'ಒಂದು ಹಲ್ಲಿ ಇತ್ತು. ಅದು ಏಳನೇ ಕ್ಲಾಸಿನಾಗ ಭಾರತದ ನಕಾಶಿ ಹಿಂದ ಇರ್ತಿತ್ತು. ಬ್ಯಾಸಗ್ಯಾಗ ಮ್ಯಾಲ ಕಾಶ್ಮೀರಕ್ಕ ಹೋಗ್ತಿತ್ತು. ಥಂಡಿ ಬಂತಂದ್ರ ಕೆಳಗ ಕನ್ಯಾಕುಮಾರಿಗೆ ಇಳೀತಿತ್ತು. ಮಾಸ್ತರು ಬೆತ್ತ ಇಟ್ಟು ಇದು ದಿಲ್ಲಿ ಅಂದಾಗೊಮ್ಮೆ ಅದರ ಬೆನ್ನಿಗೆ ಚುಚ್ತಿತ್ತು. ಹಲ್ಲಿ ಅಂತಿತ್ತು, ನಿಮಗ ಅದು ದಿಲ್ಲಿ, ನನಗ ಅದು ಬೆನ್ನು.'

ನಾನು ಅಲ್ಲೇ ನಿಂತು ಎರಡು ಸಲ ಓದಿದೆ. ನಲವತ್ತು ವರ್ಷ ಮಕ್ಕಳಿಗೆಂದು ಬರೆದರೂ ಇಂಥ ಒಂದು ಸಾಲು ನನ್ನ ಕೈಗೆ ಹತ್ತಿರಲಿಲ್ಲ. ಕನ್ನಡದ ಮಾಸ್ತರು ಖಾದರ್ ಸರ್ ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಖುಷಿಪಡುತ್ತಾರೆ ಅಂದುಕೊಂಡರೆ ಹುಬ್ಬು ಗಂಟಿಕ್ಕಿದರು.

"ಭಾರಿ ಐತ್ರಿ ಅಕ್ಕೋರ. ಆದ್ರ ಈ ಹುಡುಗಿ ಹಿಂಗ ಬರಿಯಾಕಿ ಅಲ್ರಿ. ನಾ ದಿನಾ ಆಕಿ ನೋಟ್‌ಬುಕ್ ತಿದ್ದಾಂವ."

"ಸರ್, ಮಕ್ಕಳ ಒಳಗ ಏನಿರತೈತಿ ಅಂತ ನಮಗೇನು ಗೊತ್ತು?" ಎಂದೆ ನಾನು. ಆ ಮಾತು ಹೇಳುವಾಗ ನನಗೆ ಹೆಮ್ಮೆಯೂ ಆಗಿತ್ತು.

ಆಮೇಲೆ ಪ್ರತಿ ಬುಧವಾರ ಒಂದು ಕಥೆ ಬಂತು. ದಿನಾಲೂ ಶಾಲೆಗೆ ಬಂದರೂ ಹಾಜರಿಯಲ್ಲಿ ಹೆಸರಿಲ್ಲದ ಬೋಗುಣಿಯ ಕಥೆ. ಮಳೆ ಎಲ್ಲಿ ಬೀಳಲಿ ಎಂದು ಕೇಳಲು ಮಸ್ಕಿಯ ಗುಡ್ಡ ಹತ್ತಿ, ಇಳಿಯುವ ದಾರಿ ಮರೆತ ಮೋಡದ ಕಥೆ. ನಾನು ಅವನ್ನು ಓದಿ, ತರಗತಿಗೆ ಓದಿ ಹೇಳಿ, ಭಾಗ್ಯಳ ಬೆನ್ನು ತಟ್ಟುತ್ತಿದ್ದೆ. ಬೆನ್ನು ತಟ್ಟಿದಾಗ ಹುಡುಗಿ ಒಂದಿಷ್ಟು ಮುಂದಕ್ಕೆ ಸರಿಯುತ್ತಿದ್ದಳು.

ನವೆಂಬರಿನ ಒಂದು ಬುಧವಾರ ಊಟ ಮುಗಿಸಿ ಕೈತೊಳೆಯಲು ಅಡುಗೆ ಕೋಣೆಯ ಹಿಂದೆ ಹೋದೆ. ಅಮರಮ್ಮ ಕೊಡದಿಂದ ನೀರು ಹಾಕುತ್ತ ನಿಂತಳು. ನಾನು ಕೈ ತೊಳೆಯುತ್ತಿದ್ದಾಗಲೇ ಕೇಳಿದಳು:

"ಅಕ್ಕೋರ, ಆ ಹಲ್ಲಿ ಕಡೀಕ ಸಾಯಬೇಕೇನ್ರಿ, ಬದುಕಬೇಕೇನ್ರಿ? ನಾ ಎರಡೂ ಬರದು ನೋಡೀನಿ. ಯಾವುದೂ ಕುಂದ್ರವಲ್ದು."

ಹೇಳಿದ ಕೂಡಲೇ ಅವಳ ಕೈಯಲ್ಲಿದ್ದ ಕೊಡ ನಿಂತಿತು. ನನ್ನ ಮುಖ ನೋಡಿದಳು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ನೀವ ಬರದೀರಾ? ಎಲ್ಲಾ?"

"ತಪ್ಪಾತ್ರಿ." ಕೊಡ ಕೆಳಗಿಟ್ಟು ಸೆರಗು ಹೊದ್ದುಕೊಂಡಳು. "ನೀವು ಕಥಿ ಹೇಳದು ಕಿಟಿಕ್ಯಾಗ ಕೇಳಸ್ತೈತ್ರಿ. ನಾನೂ ಒಂಬತ್ತನೇ ಕ್ಲಾಸಿನತನ ಓದೀನಿ. ಮನಿಗೆ ಹೋದಮ್ಯಾಲ ಸುಮ್ನ ಬರಿಯಾಕತ್ತೆ. ನನ್ನ ಕಡಿಂದ ಯಾರು ತಗೋತಾರ ಅಂತ ಭಾಗ್ಯಾನ ಕೈಯಾಗ ಕೊಟ್ಟೆ. ಆಕಿ ತನ್ನ ಅಕ್ಷರದಾಗ ಇಳಿಸಿಕೊಂಡು ತಂದಾಳ."

ನನಗೆ ಸಿಟ್ಟು ಬರಲಿಲ್ಲ. ಸಂತೋಷ ಉಕ್ಕಿ ಬಂತು. ಅವಳ ಎರಡೂ ಕೈ ಹಿಡಿದುಕೊಂಡೆ, ಅವು ಸಾರಿನ ಜಿಡ್ಡಿನಿಂದ ಜಾರುತ್ತಿದ್ದವು. ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ, ನಾನೇ ಪತ್ರಿಕೆಗಳಿಗೆ ಕಳಿಸುತ್ತೇನೆ ಎಂದೆ. ಅವಳು ಕೈ ಬಿಡಿಸಿಕೊಂಡಳು.

"ಬ್ಯಾಡ್ರಿ ಅಕ್ಕೋರ. ಅಡಿಗಿ ಮಾಡಾಕಿ ಕಥಿ ಬರದಾಳ ಅಂದ್ರ ಊರಾಗ ನಗ್ತಾರ. ಅನ್ನ ಹೊತ್ತಿದ ದಿನ ಕಥಿ ಬರಿಯಾಕ ಹೋಗಿದ್ಳು ಅಂತಾರ. ಭಾಗ್ಯಾನ ಹೆಸರಿರಲಿ. ಆಕಿಗಿ ಮುಂದ ಚೊಲೊ ಸಾಲ್ಯಾಗ ಸೀಟು ಸಿಗಬಹುದು. ನನಗ ಅಷ್ಟ ಸಾಕ್ರಿ."

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು: ಹಾಗಾದರೆ ಈ ಕಥೆಗಳು ಮಕ್ಕಳ ಪುಸ್ತಕದಲ್ಲಿ ಬರುವುದು ಬೇಡ. ಅದನ್ನು ನಾನು ಹೇಳಲಿಲ್ಲ. ಚೀಲದಲ್ಲಿದ್ದ ಆರೇಳು ಹಾಳೆ ನೆನಪಾದವು. ಹಲ್ಲಿಯಿಲ್ಲದ ಪುಸ್ತಕ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ವರ್ಷವಿಡೀ ಬಸ್ಸಿನಲ್ಲಿ ಓಡಾಡಿ ನಾನು ಏನೂ ಮಾಡಲಿಲ್ಲ ಎಂದು ಆ ಪುಸ್ತಕ ಹೇಳುತ್ತಿತ್ತು. 'ಆಗಲಿ, ಭಾಗ್ಯಳ ಹೆಸರೇ ಇರಲಿ' ಎಂದೆ. ಅಮರಮ್ಮನ ಮಾತಿಗೆ ಬೆಲೆ ಕೊಟ್ಟೆ ಅಂದುಕೊಂಡೆ.

ಭಾಗ್ಯ ಮಾತ್ರ ಒಪ್ಪಲಿಲ್ಲ. ಮುಂದಿನ ವಾರ ನಾನು ಆಟೋಕ್ಕೆ ಕಾಯುತ್ತ ನಿಂತಲ್ಲಿಗೆ ಬಂದಳು.

"ಅಕ್ಕೋರ, ಪುಸ್ತಕದಾಗ ನನ್ನ ಹೆಸರು ಬ್ಯಾಡ್ರಿ. ನಾ ಬರದಿಲ್ಲ."

"ಗೊತ್ತೈತಿ ಬಿಡವಾ. ನಿಮ್ಮವ್ವಗ ಖುಷಿ ಆಗ್ತೈತಿ. ಆಕಿ ಸಲುವಾಗಿ ಇರಲಿ."

"ಯಾರರ ಕೇಳಿದ್ರ?"

"ಯಾರು ಕೇಳ್ತಾರ?" ಎಂದೆ. ಆಟೋ ಬಂತು. ನಾನು ಹತ್ತಿ ಕುಳಿತೆ.

ಪುಸ್ತಕ ಫೆಬ್ರವರಿಯಲ್ಲಿ ಬಂತು. ಮುಖಪುಟದಲ್ಲಿ ನಕಾಶೆ, ಅದರ ಅಂಚಿನಿಂದ ಇಣುಕುವ ಹಲ್ಲಿ. ಲಿಂಗಸುಗೂರಿನ ಒಂದು ಸಭಾಭವನದಲ್ಲಿ ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ. ಮೂರೂ ಶಾಲೆಯ ಮಕ್ಕಳು ಟೆಂಪೋಗಳಲ್ಲಿ ಬಂದಿದ್ದರು. ಅಮರಮ್ಮ ಆ ದಿನದ ಅಡುಗೆಯನ್ನು ಜೊತೆಯವಳಿಗೆ ಒಪ್ಪಿಸಿ, ಹಸಿರು ಇಳಕಲ್ ಸೀರೆಯುಟ್ಟು, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಮೊದಲೇ ಕೊಟ್ಟಿದ್ದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ತೆರೆದಿರಲಿಲ್ಲ. ಭಾಗ್ಯ ಮುಂದಿನ ಸಾಲಿನಲ್ಲಿ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆಸಿಕೊಂಡು.

ಸಂಸ್ಥೆಯ ಅಧ್ಯಕ್ಷರು ಮುಖ್ಯ ಅತಿಥಿ. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಹೇಳಲೇಬೇಕು. ಪುಸ್ತಕವನ್ನು ಇಡಿಯಾಗಿ ಓದಿಕೊಂಡು ಬಂದಿದ್ದರು. 'ನಿಮಗ ಅದು ದಿಲ್ಲಿ, ನನಗ ಅದು ಬೆನ್ನು' ಎಂಬ ಸಾಲನ್ನು ಮೂರು ಸಲ ಹೇಳಿದರು. ಭಾಗ್ಯಳನ್ನು ವೇದಿಕೆಗೆ ಕರೆದು, ಮೈಕನ್ನು ಅವಳ ಎತ್ತರಕ್ಕೆ ತಾವೇ ಇಳಿಸಿದರು.

"ಹೇಳಮ್ಮ, ಆ ಹಲ್ಲಿ ಆಮೇಲೆ ಎಲ್ಲಿಗೆ ಹೋಯಿತು? ಎರಡು ಮಾತು ಹೇಳು. ಇಲ್ಲೇ ಕಟ್ಟಿ ಹೇಳು."

ಭಾಗ್ಯ ಮೈಕನ್ನೇ ನೋಡುತ್ತ ನಿಂತಳು. ಅವರು ನಕ್ಕು ಮತ್ತೆ ಕೇಳಿದರು. ಸಭೆಯಲ್ಲಿ ಮಕ್ಕಳು ಪಿಸುಗುಟ್ಟಿದರು. ಭಾಗ್ಯ ತಿರುಗಿ ನನ್ನನ್ನು ನೋಡಿದಳು. ನಾನು ವೇದಿಕೆಯ ಮೇಲೆಯೇ, ಅವಳಿಂದ ನಾಲ್ಕು ಮಾರು ದೂರದ ಕುರ್ಚಿಯಲ್ಲಿದ್ದೆ. ನನ್ನ ಕೈಯಲ್ಲಿ ನನ್ನ ಭಾಷಣದ ಚೀಟಿ ಇತ್ತು. ನಾನು ಆ ಚೀಟಿಯನ್ನು ನೋಡತೊಡಗಿದೆ.

"ಬರೆದದ್ದು ನೀನೇ ತಾನೇ?" ಅಧ್ಯಕ್ಷರು ತಮಾಷೆಗೆ ಕೇಳಿದರು. ಜನ ನಕ್ಕರು.

"ಅಲ್ರಿ," ಎಂದಳು ಭಾಗ್ಯ. ಮೈಕಿನಲ್ಲಿ ಆ ಒಂದು ಮಾತು ಸಭಾಭವನದ ತುಂಬ ಕೇಳಿತು. ನಗು ನಿಂತಿತು.

"ಮತ್ತೆ ಯಾರು ಬರೆದದ್ದು?"

ಅವಳು ಹಿಂದಿನ ಸಾಲಿನ ಕಡೆ ನೋಡಲಿಲ್ಲ. ನೋಡದೇ ಇರಲು ಅವಳು ಪಟ್ಟ ಕಷ್ಟ ನನಗೆ ಕಾಣಿಸಿತು. ಕುತ್ತಿಗೆ ಸೆಟೆದು ನಿಂತಿತ್ತು.

"ಕದ್ದೀನ್ರಿ," ಎಂದಳು.

"ಎಲ್ಲಿಂದ?"

"ಒಂದು ಪುಸ್ತಕದಾಗ ಇತ್ರಿ. ಕದ್ದು ಬರಕೊಂಡೀನಿ."

ಹನ್ನೆರಡು ವರ್ಷದ ಹುಡುಗಿ ಅಷ್ಟು ಜನರ ಮುಂದೆ ನಿಂತು, ತಾಯಿಯ ಹೆಸರು ನಗೆಗೀಡಾಗಬಾರದೆಂದು ತನ್ನ ಮೇಲೆ ಕಳ್ಳತನ ಹೊರಿಸಿಕೊಂಡಳು. ಅಮರಮ್ಮ ಎದ್ದು ನಿಲ್ಲಲು ಹೋಗಿ, ಗೋಡೆಗೆ ಕೈಯೂರಿ, ಮತ್ತೆ ಕುಳಿತುಬಿಟ್ಟಳು. ಅವಳು ಏಳಲಾರದೆ ಹೋದದ್ದು ನನಗೆ ಅರ್ಥವಾಗುತ್ತದೆ. ಅವಳಿಗೆ ಆ ಸಭೆ ಹೊಸದು, ಆ ಜನ ಹೊಸಬರು. ನನಗೆ ಯಾವುದೂ ಹೊಸದಾಗಿರಲಿಲ್ಲ. ಎದ್ದು ಎರಡು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಮುಖ್ಯ ಅತಿಥಿಗಳು, ಮಾಸ್ತರು, ಸಂಸ್ಥೆಯ ಹುಡುಗರು ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಅವರ ಹಾಗೆಯೇ ಆಶ್ಚರ್ಯಪಟ್ಟವಳಂತೆ ಮುಖ ಮಾಡಿದೆ. ಬೇಕೆಂದೇ ಮಾಡಿದೆನೋ, ತಾನಾಗಿ ಬಂತೋ, ಇವತ್ತಿಗೂ ತಿಳಿಯದು.

ಅಧ್ಯಕ್ಷರು ಮೈಕನ್ನು ಮತ್ತೆ ಮೇಲಕ್ಕೆ ಸರಿಸಿ, ಪ್ರಾಮಾಣಿಕತೆಯ ಬಗ್ಗೆ ಮಕ್ಕಳಿಗೆ ಸ್ವಲ್ಪ ಹೊತ್ತು ಹೇಳಿದರು. ಪುಸ್ತಕಗಳನ್ನು ಮಕ್ಕಳಿಗೆ ಹಂಚಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದಾಗ ಖಾದರ್ ಸರ್ ನನ್ನ ಹತ್ತಿರ ಬಂದರು. ಅಮರಮ್ಮನೂ ಭಾಗ್ಯಳೂ ಬಸ್ಸಿಗೆ ಹೊರಟುಹೋಗಿದ್ದರು.

"ನಿಮಗ ಗೊತ್ತಿತ್ತೇನ್ರಿ ಅಕ್ಕೋರ?"

ನಾನು ಹೌದು ಎಂದೆ. ಆ ದಿನ ನಾನು ಆಡಿದ ಒಂದೇ ನಿಜ. ಅವರು ತಮ್ಮ ಶಾಲೆಯ ಮಕ್ಕಳ ಕಡೆ ಹೋದರು.

ಮರುವಾರ ನಾನು ಬುಧವಾರದ ಶಾಲೆಗೆ ಹೋಗಲಿಲ್ಲ. ಅದರ ಮರುವಾರವೂ ಹೋಗಲಿಲ್ಲ. ಮೂರನೆಯ ವಾರ ಖಾದರ್ ಸರ್ ಫೋನು ಮಾಡಿದರು. ಭಾಗ್ಯ ತರಗತಿಗೆ ಕಾಲಿಟ್ಟರೆ ಸಾಕು, ಹುಡುಗರು ನಾಲಿಗೆಯಿಂದ ಹಲ್ಲಿಯ ಹಾಗೆ ಲೊಚಲೊಚ ಅನ್ನುತ್ತಾರಂತೆ. ಇವರು ಬೈದರು, ಇಬ್ಬರನ್ನು ಹೊರಗೆ ನಿಲ್ಲಿಸಿದರು. ಇವರ ಎದುರಿಗೆ ಆ ಸದ್ದು ನಿಂತಿತು, ಬೆನ್ನು ತಿರುಗಿಸಿದರೆ ಮತ್ತೆ ಶುರು. ಊಟಕ್ಕೆ ಕೂತಾಗ ಲೊಚಲೊಚ, ನೀರಿಗೆ ಹೋದಾಗ ಲೊಚಲೊಚ. ಆ ಸದ್ದು ಅಡುಗೆ ಕೋಣೆಗೂ ಕೇಳುತ್ತಿತ್ತು.

"ಹುಡುಗಿ ಸಾಲಿ ಬಿಟ್ಟಾಳ್ರಿ," ಎಂದರು ಅವರು. "ಮೆಣಸಿನಕಾಯಿ ಬಿಡಸಾಕ ಹೆಣಮಕ್ಕಳ ಜೋಡಿ ಹೋಗಾಕತ್ತಾಳ. ನಾ ಎರಡ ಸಲ ಮನಿಗೆ ಹೋಗಿ ಬಂದೆ. ಬರವಲ್ಲಳು."

ಅವತ್ತು ಕುಳಿತು ಸಂಸ್ಥೆಗೆ ಒಂದು ಪತ್ರ ಬರೆದೆ. ನಡೆದದ್ದನ್ನೆಲ್ಲ ಬರೆದೆ: ಕಥೆಗಳು ಯಾರವು, ನನಗೆ ಯಾವಾಗ ತಿಳಿಯಿತು, ನಾನು ಯಾಕೆ ಸುಮ್ಮನಿದ್ದೆ. ಪತ್ರದ ಜೊತೆ ಕಥೆಗಳ ಮೂಲ ಹಾಳೆ ಇಡಬೇಕೆಂದು ವರ್ಷದ ಕಟ್ಟನ್ನು ಬಿಚ್ಚಿದಾಗ, ಜುಲೈ ತಿಂಗಳ ಒಂದು ಹಾಳೆ ಸಿಕ್ಕಿತು. 'ನಿಮ್ಮ ಮನೆಯವರ ಬಗ್ಗೆ ಬರೆಯಿರಿ' ಎಂದು ತರಗತಿಯಲ್ಲೇ ಬರೆಸಿದ್ದು. ಭಾಗ್ಯಳದ್ದು ಮೂರೇ ಸಾಲು:

'ನಮ್ಮವ್ವ ಸಾಲ್ಯಾಗ ಎಲ್ಲಾರಿಗೂ ಊಟಕ್ಕ ನೀಡ್ತಾಳ. ನನ್ನ ತಾಟು ಬಂದಾಗ ಸೌಟು ಅರ್ಧ ಮಾಡ್ತಾಳ. ಮಗಳಿಗೆ ಹೆಚ್ಚಿಗಿ ನೀಡಿದ್ಳು ಅಂತ ಯಾರೂ ಅನಬಾರದು ಅಂತ.'

ಅದರ ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಅಕ್ಷರ: 'ಚಿಕ್ಕದಾಯಿತು. ಕಲ್ಪನೆ ಸೇರಿಸಿ ವಿಸ್ತಾರವಾಗಿ ಬರೆ.'

ಅದನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ. ಮೂವತ್ತು ಹಾಳೆಗಳ ಮೇಲೂ ಅದನ್ನೇ ಬರೆದಿರಬೇಕು. ಬರೆಯುವ ಮಗುವನ್ನು ಹುಡುಕಲು ವರ್ಷವಿಡೀ ಮೂರು ತಾಲೂಕು ತಿರುಗಿದೆ. ಆ ಮಗು ಎರಡನೆಯ ತಿಂಗಳಲ್ಲೇ ಬರೆದುಕೊಟ್ಟಿತ್ತು. ನಾನು ಇನ್ನಷ್ಟು ಬರೆ ಎಂದು ಹಿಂದಕ್ಕೆ ಕಳಿಸಿದ್ದೆ.

ಮಾರ್ಚಿನ ಒಂದು ಭಾನುವಾರ ಆ ಪತ್ರವನ್ನೂ ಹಾಳೆಯನ್ನೂ ಹಿಡಿದುಕೊಂಡು ಅವರ ಮನೆಗೆ ಹೋದೆ. ಬಿಸಿಲು ಆಗಲೇ ಉರಿಯುತ್ತಿತ್ತು. ಅಮರಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪತ್ರವನ್ನು ಓದಿ ಹೇಳಿದೆ. ಪೂರ್ತಿ ಕೇಳಿದಳು.

"ಕಳಸಬ್ಯಾಡ್ರಿ ಅಕ್ಕೋರ."

"ಯಾಕ? ಭಾಗ್ಯಾನ ಮ್ಯಾಲಿನ ಮಾತು ಹೋಗ್ತೈತಲ್ಲ?"

"ಎಲ್ಲಿ ಹೋಗ್ತೈತ್ರಿ? ಇಷ್ಟ ದಿನ ಕಳ್ಳಿ ಅಂದ್ರು. ಈಗ ಅಷ್ಟ ಮಂದಿ ಮುಂದ ಸುಳ್ಳ ಹೇಳಿದ್ಳು ಅಂತಾರ. ಒಂದ ಹೆಸರ ಸಾಕ್ರಿ ಆಕಿಗಿ."

ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದೆ. ನೀವಾದರೂ ಬರೆಯುತ್ತಿದ್ದೀರಾ ಎಂದು ಕೇಳಿದೆ.

ಅವಳು ಮೊರದಲ್ಲಿನ ಜೋಳದೊಳಗೆ ಬೆರಳಾಡಿಸಿದಳು. "ನಾ ಬರಿಯಾಕ ಕುಂತ್ರ ಆಕಿ ಎದ್ದು ಹೊರಗ ಹೋಗ್ತಾಳ್ರಿ. ಏನೂ ಅನ್ನಂಗಿಲ್ಲ, ಎದ್ದು ಹೋಗ್ತಾಳ. ಮನ್ಯಾಗ ಆಕಿ ಇರಬೇಕೇನ್ರಿ, ಕಥಿ ಇರಬೇಕೇನ್ರಿ? ನೀವ ಹೇಳ್ರಿ."

ನಾನು ಜುಲೈ ತಿಂಗಳ ಹಾಳೆಯನ್ನು ಕೊಟ್ಟೆ. ಇದು ಭಾಗ್ಯ ತಾನೇ ಬರೆದದ್ದು, ಅವಳಿಗೆ ಕೊಡಿ, ನಾನು ತಪ್ಪಾಗಿ ತಿದ್ದಿದ್ದೆ ಎಂದು ಹೇಳಿ, ಇದೇ ಒಳ್ಳೆಯದಿತ್ತು ಎಂದು ಹೇಳಿ ಎಂದೆ. ಅಮರಮ್ಮ ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಮೂರು ಸಾಲು ಓದಲು ಬಹಳ ಹೊತ್ತು ಹಿಡಿಯಿತು. ಓದಿ ಮುಗಿಸಿ, ಮೊರವನ್ನು ಪಕ್ಕಕ್ಕೆ ಸರಿಸಿ, ಹಾಳೆಯನ್ನು ನನ್ನ ಕೈಗೇ ಮರಳಿ ಇಟ್ಟಳು.

"ಆಕಿಗಿ ಗೊತ್ತಾಗಿಲ್ಲ ಅಂತ ಅನಕೊಂಡಿದ್ದೆ," ಎಂದಳು. "ಇದು ನೀವ ಇಟ್ಕೊಳ್ರಿ."

ಮಧ್ಯಾಹ್ನ ದಾಟಿತು. ಭಾಗ್ಯ ಬರುವವರೆಗೂ ಕೂರುತ್ತೇನೆ, ಒಂದು ಮಾತು ಅವಳಿಗೇ ಹೇಳಬೇಕು ಎಂದೆ. ಅಮರಮ್ಮ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಉಂಡೆ. ಬಿಸಿಲು ಗೋಡೆಯಿಂದ ಇಳಿದು ಅಂಗಳ ದಾಟಿತು. ಮೆಣಸಿನಕಾಯಿ ಹೊಲದಿಂದ ಹೆಂಗಸರು ಒಬ್ಬೊಬ್ಬರಾಗಿ ಓಣಿಗೆ ಮರಳಿದರು, ಕೈ ಉರಿಯೆಂದು ಮಜ್ಜಿಗೆಯಲ್ಲಿ ಕೈ ಅದ್ದಿಕೊಳ್ಳುತ್ತ ಕಟ್ಟೆಗಳ ಮೇಲೆ ಕುಳಿತರು. ಭಾಗ್ಯ ಬರಲಿಲ್ಲ.

ಅಮರಮ್ಮ ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಆಮೇಲೆ ನನ್ನ ಮುಂದೆ ನಿಂತು, ನೆಲ ನೋಡುತ್ತ, ತಪ್ಪು ತನ್ನದೇ ಎಂಬಂತೆ ಹೇಳಿದಳು:

"ಆಕಿ ಬಂದು ಆಗಲೇ ಹೊತ್ತಾತ್ರಿ. ನಿಮ್ಮ ಚಪ್ಪಲಿ ನೋಡ್ಯಾಳ. ನೀವು ಇರೋತನ ಒಳಗ ಬರಂಗಿಲ್ಲ. ಮುಂಜಾನಿಂದ ಏನೂ ತಿಂದಿಲ್ರಿ ಆಕಿ."

ನಾನು ಎದ್ದೆ. ಹೋಗಿಬರುತ್ತೇನೆ ಎಂದೆ, ಅವಳು ಬರ್ರಿ ಅನ್ನಲಿಲ್ಲ. ರಸ್ತೆಗೆ ಬಂದಾಗ ಮಸ್ಕಿಯ ಆಟೋ ನಿಂತಿತ್ತು. ಒಳಗೆ ಕುಳಿತು ಹಿಂದೆ ನೋಡಿದರೆ ಓಣಿಯ ತುದಿಯ ನೀರಿನ ಟಾಕಿಯ ನೆರಳಲ್ಲಿ ಹುಡುಗಿ ಕುಕ್ಕರಗಾಲಲ್ಲಿ ಕುಳಿತಿದ್ದಳು, ತಲೆಗೆ ಟವೆಲು ಸುತ್ತಿಕೊಂಡು, ನೆಲ ನೋಡುತ್ತ. ಕೂಗಿದರೆ ಕೇಳುವಷ್ಟು ಹತ್ತಿರ. ಡ್ರೈವರ್ ಇನ್ನೊಬ್ಬರು ಬರಲಿ ಎಂದು ಕಾದ. ಅವಳೂ ಕಾದಳು. ಕೊನೆಗೆ ಆಟೋ ಹೊರಟಿತು. ಆಗ ಅವಳು ಎದ್ದು, ಲಂಗ ಕೊಡವಿಕೊಂಡು, ಮನೆಯ ಕಡೆ ನಡೆದಳು.